ಕರ್ಣನ ನೆನಹೂ ಮೇಲ್ಪಂಕ್ತಿಯೂ

೧

ಕನ್ನಡದಲ್ಲಿ ಆದರ್ಶವೆಂಬ ಅರ್ಥವನ್ನು ಕೊಡುವ ಮಾತುಗಳಲ್ಲಿ ‘ಮೇಲ್ಪಂಕ್ತಿ’ ಎಂಬುದು ಬಹು ಅರ್ಥವತ್ತಾದುದು. ಅಕ್ಷರಾಭ್ಯಾಸ ಮಾಡುವ ಬಾಲಕರು ನೋಡಿ ಬರೆಯುವುದಕ್ಕಾಗಿ ಉಪಾಧ್ಯಾಯನು ಮೇಲ್ಗಡೆ ಬರೆದುಕೊಡುವ ಸಾಲಿಗೆ ಈ ಹೆಸರು ಸಲ್ಲುತ್ತದೆ. ಆ ಸಾಲು ಗದರಿಸುವುದಿಲ್ಲ, ದಂಡಿಸುವುದಿಲ್ಲ. ತಾನು ಸರಿಯಾಗಿರುವುದರಿಂದಲೆ ಕೆಳಗಿನ ಸಾಲುಗಳು ಸರಿಯಾಗುವಂತೆ ಮಾಡುತ್ತದೆ. ಒಬ್ಬನ ನಡತೆ ಹಲವರಿಗೆ ಹೀಗೆ ಮೇಲ್ಪಂಕ್ತಿಯಾಗಬೇಕಾದರೆ ಅವನು ತಾನಾರೆಂಬುದನ್ನೂ ತನ್ನ ಮೇಲಿರುವ ಹೊಣೆ ಯಾವುದೆಂಬುದನ್ನೂ ಮರೆಯದಿರಬೇಕೆಂದು ನೀತಿಕಾರರು ಹೇಳುವುದುಂಟು. ಸಾಮಾನ್ಯ ಸಂದರ್ಭಗಳಲ್ಲಿ ಈ ಮಾತಿಗೆ ಆಕ್ಷೇಪವಿರಲಾರದು. ಮಗನು ತಾನು ಮಗನೆಂಬುದನ್ನು ನೆನೆದರೆ ತಾಯಿತಂದೆಗಳನ್ನು ಸಲಹುತ್ತಾನೆ. ಅರಸನು ತಾನು ಅರಸನೆಂಬುದನ್ನು ನೆನೆದರೆ ಪ್ರಜೆಗಳನ್ನು ಕಾಯುತ್ತಾನೆ. ಆದರೆ ‘ತಾನಾರು’ ಎಂಬ ಪ್ರಶ್ನೆಗೆ ಒಂದಕ್ಕೊಂದು ವಿರುದ್ಧವಾದ ಎರಡು ಉತ್ತರಗಳು ಒಂದೇ ಗಳಿಗೆಯಲ್ಲಿ ಎದುರುನಿಂತಾಗ ಯಾವುದನ್ನು ನೆನೆಯುವುದು ಧರ್ಮ? ನೀತಿಗ್ರಂಥಗಳು ಉತ್ತರಿಸಲು ತಡವರಿಸುವ ಈ ಪ್ರಶ್ನೆಯನ್ನು ಕಾವ್ಯವು ಕೈಗೆತ್ತಿಕೊಳ್ಳುತ್ತದೆ. ಭಾರತದ ಕರ್ಣನ ಚರಿತ್ರೆಯಲ್ಲಿ, ಅದರಲ್ಲಿಯೂ ಯುದ್ಧಕ್ಕೆ ಮುನ್ನ ಶ್ರೀಕೃಷ್ಣನು ಅವನಿಗೆ ಅವನ ಜನ್ಮವೃತ್ತಾಂತವನ್ನು ಎತ್ತಿ ಹೇಳುವ ಸಂದರ್ಭದಲ್ಲಿ, ಈ ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ಕಾಣಿಸಿಕೊಂಡಿದೆ.

೧೮೯೮ರಲ್ಲಿ ಬಿ. ಎಲ್. ರೈಸರು ಪಂಪಭಾರತವನ್ನು ಅಚ್ಚುಮಾಡಿಸಿದಂದಿನಿಂದ, ವಿಶೇಷವಾಗಿ ೧೯೩೧ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಅದನ್ನು ಪರಿಷ್ಕರಿಸಿ ಪ್ರಕಟಿಸಿದ ಮೇಲೆ, ಕರ್ಣನ ಪಾತ್ರವನ್ನು ಕುರಿತ ವಿಮರ್ಶೆ ಕನ್ನಡದಲ್ಲಿ ಹೇರಳವಾಗಿ ಬೆಳೆದಿರುವುದು. ಈ ವಿಮರ್ಶೆಯ ಬಹುಭಾಗವು ಅವನನ್ನು ದುರಂತನಾಯಕನೆಂದು ಕಂಡಿದೆ. ವಿಧಿಯು ಅವನನ್ನು ಹುಟ್ಟಿದ ದಿನವೆ ನೀರಿಗೆ ನೂಕಿತು; ಗುರುವು ಶಪಿಸಿದನು; ಇಂದ್ರನು ಕವಚಕುಂಡಲಗಳನ್ನು ಬೇಡಿಕೊಂಡು ಹೋದನು; ಕಟ್ಟಕಡೆಗೆ ಭೂಮಿಯೆ ರಥದ ಚಕ್ರವನ್ನು ನುಂಗಿತು. ಇದೆಲ್ಲವೂ ನಿಜವೆ. ಆದರೆ ಈ ದೃಷ್ಟಿಯಿಂದ ನೋಡುವಾಗ ಕರ್ಣನು ಏನನ್ನು ಅನುಭವಿಸಿದನೆಂಬುದು ಕಾಣುತ್ತದೆಯೆ ಹೊರತು ಏನನ್ನು ಮಾಡಿದನೆಂಬುದು ಅಷ್ಟಾಗಿ ಕಾಣುವುದಿಲ್ಲ. ಮರುಕಕ್ಕೆ ಪಾತ್ರನಾದವನು ಮೇಲ್ಪಂಕ್ತಿಯಾಗಲಾರನು. ತಾನಾಗಿ ಆರಿಸಿಕೊಂಡವನು ಮಾತ್ರ ಆಗಬಲ್ಲನು. ಕರ್ಣನು ಆರಿಸಿಕೊಂಡುದು ಯಾವುದರ ಬಲದಿಂದ ಎಂಬುದು ವಿಚಾರಣೀಯವಾಗಿದೆ. ಹುಟ್ಟಿನ ಅರಿವಿಗಿಂತ ಹೊಣೆಯ ನೆನಹು ಅವನಲ್ಲಿ ಬಲವತ್ತರವಾದುದೆ ಆ ಆಯ್ಕೆಗೆ ಮೂಲವೆಂಬುದು ವ್ಯಾಸಭಾರತ, ಪಂಪಭಾರತ, ಕುಮಾರವ್ಯಾಸಭಾರತ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ವ್ಯಕ್ತವಾಗುತ್ತದೆ.

೨

ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಸಂಧಿಯ ಪ್ರಯತ್ನ ಮುರಿದು ಹಸ್ತಿನಾವತಿಯಿಂದ ಹಿಂದಿರುಗುವ ಕೃಷ್ಣನು ಕರ್ಣನನ್ನು ರಥದಲ್ಲಿ ಕುಳ್ಳಿರಿಸಿಕೊಂಡು ಊರಾಚೆಗೆ ಕರೆದೊಯ್ಯುತ್ತಾನೆ. ಅವನು ಒಡ್ಡುವ ಆಮಿಷ ಸಾಮಾನ್ಯವಾದುದಲ್ಲ. ಧರ್ಮರಾಜನು ಯುವರಾಜನಾಗಿ ಚಾಮರ ಹಿಡಿಯುವನು. ಭೀಮನು ಬೆಳ್ಗೊಡೆಯನ್ನು ಎತ್ತುವನು. ಅರ್ಜುನನು ರಥವನ್ನು ನಡಸುವನು. ಆರನೆಯ ಸರದಿಯಲ್ಲಿ ದ್ರೌಪದಿಯೂ ಬಳಿಗೆ ಬರುವಳು. ಹುಟ್ಟಿನ ಹಕ್ಕಿನಿಂದ ಬರಬಹುದಾದುದೆಲ್ಲವೂ ಇದರಲ್ಲಿ ಅಡಕವಾಗಿದೆ.

ಕರ್ಣನು ಕೊಡುವ ಉತ್ತರದ ಮೊದಲ ಅಂಶವು ಗಮನಾರ್ಹವಾದುದು. ಈ ಸಂಗತಿಯೆಲ್ಲವೂ ತನಗೆ ತಿಳಿದಿದೆಯೆಂದು ಅವನು ಹೇಳುತ್ತಾನೆ. ಆದುದರಿಂದ ವ್ಯಾಸರ ಕರ್ಣನಿಗೆ ಅಲ್ಲಿ ಹೊಸ ಅರಿವೇನೂ ಉಂಟಾಗುವುದಿಲ್ಲ. ಅವನು ಆ ಅರಿವಿಗೆ ಎದುರಾಗಿ ಒಂದೊಂದಾಗಿ ಎತ್ತಿ ಇಡುವುದು ತನ್ನ ನೆನಹುಗಳನ್ನು. ತನ್ನನ್ನು ಕಂಡೊಡನೆ ರಾಧೆಯ ಮೊಲೆಯಲ್ಲಿ ಹಾಲು ಸುರಿದುದು. ಅವಳು ತನ್ನ ಮಲಮೂತ್ರಗಳನ್ನು ಬಳಿದುದು. ಅಧಿರಥನು ಜಾತಕರ್ಮಾದಿಗಳನ್ನು ಮಾಡಿಸಿ ವಸುಷೇಣನೆಂದು ಹೆಸರಿಡಿಸಿದುದು. ಯೌವನ ಬಂದಾಗ ಮದುವೆ ಮಾಡಿಸಿದುದು. ಅನಂತರ ಹದಿಮೂರು ವರ್ಷ ದುರ್ಯೋಧನನ ಆಶ್ರಯದಲ್ಲಿ ನಿಷ್ಕಂಟಕವಾಗಿ ರಾಜ್ಯವನ್ನು ಅನುಭವಿಸಿದುದನ್ನೂ, ತನ್ನನ್ನು ನಂಬಿಯೆ ಅವನು ಯುದ್ಧಕ್ಕೆ ತೊಡಗಿರುವುದನ್ನೂ ಹೇಳುತ್ತಾನೆ. ಕೃಷ್ಣನು ಮುಂದಿಟ್ಟುದು ಶಾಸ್ತ್ರದ ವಾದ. ಕನ್ಯೆಗೆ ಹುಟ್ಟಿದವನು ಅವಳನ್ನು ಮದುವೆಯಾದವನ ಮಗನೆ ಎಂಬುದು ಅದರ ತಿರುಳು. ಕರ್ಣನು ಆ ಶಾಸ್ತ್ರವನ್ನು ಖಂಡಿಸುವುದಿಲ್ಲ. ಧರ್ಮತಃ ತಾನು ಪಾಂಡುಪುತ್ರನೆಂದು ಒಪ್ಪಿಕೊಂಡು, ಆದರೂ ತಾನು ಸೂತನ ಮಗನಾಗಿಯೆ ಉಳಿಯುತ್ತಾನೆ. ತಾನಾರೆಂಬುದನ್ನು ಅವನು ಹೆತ್ತವರಿಂದ ನಿರ್ಣಯಿಸಿಕೊಳ್ಳದೆ ಹೊತ್ತವರಿಂದ ನಿರ್ಣಯಿಸಿಕೊಂಡನು.

ಇದೇ ಸಂವಾದದಲ್ಲಿ ಇನ್ನೆರಡು ಸೂಕ್ಷ್ಮಗಳುಂಟು. ತನ್ನ ಜನ್ಮರಹಸ್ಯವನ್ನು ಯುಧಿಷ್ಠಿರನಿಗೆ ತಿಳಿಸಬಾರದೆಂದು ಕರ್ಣನು ಬೇಡುತ್ತಾನೆ. ತಿಳಿದರೆ ಆ ಧರ್ಮಾತ್ಮನು ರಾಜ್ಯವನ್ನು ತನಗೆ ಬಿಟ್ಟುಕೊಡುವನು, ತಾನು ಅದನ್ನು ದುರ್ಯೋಧನನಿಗೆ ಒಪ್ಪಿಸಿಬಿಡುವೆನು ಎಂಬುದು ಅವನು ಕೊಡುವ ಕಾರಣ. ತನ್ನ ಋಣ ಎಷ್ಟು ದೊಡ್ಡದೆಂಬುದನ್ನೂ ಅದರಿಂದ ಲೋಕಕ್ಕೆ ಆಗಬಹುದಾದ ಕೇಡನ್ನೂ ಒಟ್ಟಿಗೆ ಬಲ್ಲವನ ಮಾತಿದು. ಎರಡನೆಯದಾಗಿ, ದುರ್ಯೋಧನನನ್ನು ಸಂತೋಷಪಡಿಸುವುದಕ್ಕಾಗಿ ಪಾಂಡವರಿಗೆ ತಾನು ಆಡಿದ ಕಟುನುಡಿಗಳನ್ನು ನೆನೆದು ಅವನು ಪಶ್ಚಾತ್ತಾಪಪಡುತ್ತಾನೆ. ಹೊಣೆಯನ್ನು ನೆನೆಯುವವನು ತನ್ನ ತಪ್ಪನ್ನೂ ನೆನೆಯದೆ ಇರಲಾರನೆಂಬುದಕ್ಕೆ ಇದು ಸಾಕ್ಷಿ.

೩

ಕ್ರಿ.ಶ. ೯೪೧ರ ಸುಮಾರಿನಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನು ವೇಮುಲವಾಡದ ಚಾಳುಕ್ಯ ಅರಿಕೇಸರಿಯ ಆಸ್ಥಾನದಲ್ಲಿ ಕವಿಯೂ ಕಲಿಯೂ ಆಗಿದ್ದವನು. ಒಡೆಯನ ಅನ್ನವನ್ನು ಉಂಡ ಆಳು ಆ ಋಣವನ್ನು ರಣದಲ್ಲಿ ತೀರಿಸಬೇಕೆಂಬ ಕಟ್ಟುಪಾಡು ಅವನ ಕಾಲದ ವೀರರಿಗೆ ಉಸಿರಿನಂತೆ ಇದ್ದಿತು. ಇದಕ್ಕೆ ಜೋಳವಾಳಿಯೆಂದೂ ಜೋಳದ ಪಾಳಿಯೆಂದೂ ಹೆಸರು. ಪಂಪನು ಕಾವ್ಯವನ್ನು ರಚಿಸಿದ ಕೆಲವೇ ವರ್ಷಗಳ ಮೇಲೆ, ಕ್ರಿ.ಶ. ೯೪೯ರಲ್ಲಿ ತಕ್ಕೋಲದ ಯುದ್ಧ ನಡೆದು ಚೋಳ ರಾಜಾದಿತ್ಯನು ಮಡಿದನು. ಆ ಯುದ್ಧದಲ್ಲಿ ಗಂಗ ಬೂತುಗನ ಪರವಾಗಿ ಹೋರಾಡಿದ ಮಣಲೇರನ ಸಾಹಸವನ್ನು ಆತಕೂರಿನ ಶಾಸನವು ಹೇಳುತ್ತದೆ. ಅದೇ ಕಲ್ಲು ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯ ನೆನಪನ್ನೂ ಉಳಿಸಿಕೊಂಡು ಬಂದಿದೆ. ಒಡೆಯನಿಗಾಗಿ ಮಡಿದವರನ್ನು ಮರೆಯಬಾರದೆಂಬ ಭಾವನೆ ಆ ಕಾಲದಲ್ಲಿ ಮನುಷ್ಯರಲ್ಲಿಯೆ ನಿಂತಿರಲಿಲ್ಲವೆಂಬುದು ಇದರಿಂದ ತಿಳಿದುಬರುತ್ತದೆ. ನಾಡಿನ ತುಂಬ ಹರಡಿಕೊಂಡಿರುವ ವೀರಗಲ್ಲುಗಳು ನೆನಹಿನ ಕಲ್ಲುಗಳೆ.

ಇಂಥ ಕಾಲದ ಕವಿಯ ಕೈಯಲ್ಲಿ ಕರ್ಣನ ಕಥೆ ಬೇರೆ ರೂಪವನ್ನು ತಾಳಿದುದು ಆಶ್ಚರ್ಯವಲ್ಲ. ಪಂಪನಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದುದರಿಂದ ವ್ಯಾಸರ ಕೃಷ್ಣನು ಒಡ್ಡಿದ ಆಮಿಷಗಳಲ್ಲೊಂದಕ್ಕೆ ಅಲ್ಲಿ ಎಡೆಯೇ ಇಲ್ಲ. ಅದಕ್ಕೆ ಪ್ರತಿಯಾಗಿ ಪಂಪನ ಕೃಷ್ಣನು ಇನ್ನೂ ಹರಿತವಾದ ಬೇರೊಂದು ಆಯುಧವನ್ನು ಬಳಸುತ್ತಾನೆ. ಕರ್ಣನು ಕುಂತಿಯ ಮಗನೆಂಬ ಸಂಗತಿ ದುರ್ಯೋಧನನಿಗೆ ಬೇಟೆಯ ಸಂದರ್ಭದಲ್ಲಿ ಮುನಿಯೊಬ್ಬನಿಂದ ಮೊದಲೆ ತಿಳಿದಿತ್ತೆಂದೂ, ಮುಳ್ಳಿನಿಂದ ಮುಳ್ಳನ್ನು ತೆಗೆಯುವ ಉಪಾಯವಾಗಿಯೆ ಅವನು ಕರ್ಣನನ್ನು ಸಾಕಿದನೆಂದೂ ಕೃಷ್ಣನು ಹೇಳುತ್ತಾನೆ. ಈ ಮಾತಿನ ಗುರಿ ಕರ್ಣನ ಆಸೆಯಲ್ಲ, ಅವನ ನೆನಹು. ಆಸೆಯನ್ನು ಕೆರಳಿಸುವುದು ಸುಲಭ. ಆದರೆ ಉಪಕಾರಸ್ಮರಣೆಯಿಂದ ನಿಂತವನನ್ನು ಕದಲಿಸಬೇಕಾದರೆ ಆ ಉಪಕಾರವೆ ಕಪಟವೆಂದು ತೋರಿಸಿಕೊಡಬೇಕು. ಹಿಂದಣ ಸ್ನೇಹದ ಒಂದೊಂದು ಗಳಿಗೆಯೂ ವಿಷವಾಗಿ ಕಾಣುವಂತೆ ಮಾಡುವ ಈ ತಂತ್ರವು ಪಂಪನ ಮನುಷ್ಯಸ್ವಭಾವಜ್ಞಾನಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಇದಕ್ಕೆ ಕರ್ಣನು ವಾದದಿಂದ ಉತ್ತರಿಸುವುದಿಲ್ಲ. ದುರ್ಯೋಧನನ ಮನಸ್ಸಿನಲ್ಲಿ ಏನಿತ್ತೆಂದು ಅವನು ಶೋಧಿಸಲು ಹೋಗುವುದಿಲ್ಲ. ಒಂದೇ ಒಂದು ನೆನಪನ್ನು ಮುಂದಿಡುತ್ತಾನೆ. ಒಮ್ಮೆ ಭಾನುಮತಿ ನೆತ್ತದಲ್ಲಿ ಸೋತಳು. ಪಣಕ್ಕಾಗಿ ಕಾಡುವಾಗ ಮುತ್ತಿನ ಹಾರ ಹರಿದು ಚೆಲ್ಲಿತು. ಅರಸನು ಏನನ್ನೂ ಶಂಕಿಸದೆ ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳಿದನು. ಅಂಥ ಒಡೆಯನನ್ನು ತೊರೆದು ಬಂದರೆ ತಾನು ಬೇಡನಾಗುವೆನೆಂಬುದು ಕರ್ಣನ ನಿಲುವು. ಭಾನುಮತಿ ಆಡಿದುದು ಕರ್ಣನೊಡನೆಯೊ ದುರ್ಯೋಧನನೊಡನೆಯೊ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಯಾವ ಅನ್ವಯವನ್ನು ಹಿಡಿದರೂ ಪ್ರಕೃತಾರ್ಥಕ್ಕೆ ಬಾಧೆಯಿಲ್ಲ. ಕರ್ಣನು ಆರಿಸಿಕೊಂಡ ನೆನಪು ಅಂಗರಾಜ್ಯದ ಪಟ್ಟಾಭಿಷೇಕದಂಥ ದೊಡ್ಡ ಉಪಕಾರದ್ದಲ್ಲವೆಂಬುದೆ ಇಲ್ಲಿ ಮುಖ್ಯ. ರಾಜ್ಯವನ್ನು ಉಪಾಯದಿಂದಲೂ ಕೊಡಬಹುದು; ಚೆಲ್ಲಿದ ಮುತ್ತುಗಳ ಎದುರಿನಲ್ಲಿ ತಟ್ಟನೆ ಹೊರಟ ನಿಶ್ಶಂಕೆಯ ಮಾತನ್ನು ಉಪಾಯದಿಂದ ಆಡಲಾಗದು. ಕೃಷ್ಣನು ಹೇಳಿದ ಮುಳ್ಳಿನ ಕಥೆಗೆ ಮುತ್ತಿನ ನೆನಪೆ ತಕ್ಕ ಉತ್ತರವಾಯಿತು.

‘ಬೇಡನಾಗುವೆನು’ ಎಂಬ ಭಾವನೆಯನ್ನೂ ವಿಮರ್ಶಕರು ಲಕ್ಷಿಸಬೇಕು. ತಾನು ಕ್ಷತ್ರಿಯನೆಂದು ಈಗತಾನೆ ಕೇಳಿದವನು, ಆ ಕುಲವನ್ನು ಸ್ವೀಕರಿಸುವುದರಿಂದಲೆ ತಾನು ಹೀನನಾಗುವೆನೆಂದು ಹೇಳುತ್ತಿದ್ದಾನೆ. ಶಸ್ತ್ರವಿದ್ಯಾಪ್ರದರ್ಶನದ ದಿನದಿಂದ ಕುಲದ ಹೆಸರಿನಲ್ಲಿ ಅವಮಾನಿತನಾಗಿದ್ದ ಕರ್ಣನು, ಭೀಷ್ಮನಿಗೆ ಸೇನಾಧಿಪತ್ಯದ ಪಟ್ಟ ಕಟ್ಟುವ ಸಂದರ್ಭದಲ್ಲಿ ದ್ರೋಣನಿಗೆ ಉತ್ತರಕೊಡುತ್ತ, ಹುಟ್ಟಿಗಿಂತ ಛಲ ಗುಣ ಅಭಿಮಾನಗಳನ್ನೆ ಕುಲವೆಂದು ಎಣಿಸಬೇಕೆಂಬ ಅಭಿಪ್ರಾಯವನ್ನು ಸಾರುತ್ತಾನೆ. ಆ ಮಾತನ್ನು ಕುಲಹೀನನ ಹೊಟ್ಟೆಕಿಚ್ಚಿನ ಮಾತೆಂದು ತಳ್ಳಿಹಾಕುವ ಹಾಗಿಲ್ಲ. ಉತ್ತಮ ಕುಲವು ಕೈಗೆ ಬಂದಿದ್ದಾಗಲೂ ಅದನ್ನು ಬೇಡವೆಂದವನು ಆಡಿದ ಮಾತಾದುದರಿಂದ ಅದಕ್ಕೆ ಅಷ್ಟು ತೂಕವುಂಟು.

೪

ಪಂಪನಿಗೆ ಸುಮಾರು ಐನೂರು ವರ್ಷಗಳ ಅನಂತರ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾಮಿನೀಷಟ್ಪದಿಯಲ್ಲಿ ಭಾರತವನ್ನು ಹಾಡಿದ ಕುಮಾರವ್ಯಾಸನಲ್ಲಿ ಇದೇ ಸನ್ನಿವೇಶಕ್ಕೆ ಇನ್ನೊಂದು ಬಣ್ಣ ಬಂದಿದೆ. ಅವನ ಕೃಷ್ಣನು ಮೈದುನತನದ ಸರಸದಿಂದ ಕರ್ಣನನ್ನು ಹತ್ತಿರಕ್ಕೆ ಸೆಳೆದು ಕುಳ್ಳಿರಿಸಿಕೊಳ್ಳುತ್ತಾನೆ. ಕೌರವರು ಒಂದು ಕಡೆ, ಪಾಂಡವರು ಇನ್ನೊಂದು ಕಡೆ ನಿಂತು ಓಲೈಸುವ ಒಡ್ಡೋಲಗದ ಚಿತ್ರವನ್ನು ಬಣ್ಣಿಸುತ್ತಾನೆ. ಹಾಗೆ ಓಲೈಸಿಕೊಳ್ಳಬೇಕಾದವನು ಕೌರವನ ಮುಂದೆ ಜೀಯಾ ಎಂದು ಕೈಮುಗಿಯುವುದೇಕೆಂದು ಚುಚ್ಚುತ್ತಾನೆ.

ಕರ್ಣನ ಕೊರಳು ಬಿಗಿಯುತ್ತದೆ, ಕಣ್ಣಲ್ಲಿ ನೀರುಕ್ಕುತ್ತದೆ. ಆ ಕಣ್ಣೀರು ಯಾರಿಗಾಗಿ ಎಂಬುದರಲ್ಲಿ ಕುಮಾರವ್ಯಾಸನ ಪ್ರತಿಭೆ ಅಡಗಿದೆ. ಇಷ್ಟು ಕಾಲ ತನ್ನನ್ನು ಕತ್ತಲೆಯಲ್ಲಿಟ್ಟ ತಾಯಿಯ ಮೇಲಣ ಮುನಿಸು ಅಲ್ಲಿಲ್ಲ. ಕಳೆದುಹೋದ ಸಿರಿಗಾಗಿ ಮರುಕವೂ ಇಲ್ಲ. ಮೊಟ್ಟಮೊದಲು ಅವನ ಮನಸ್ಸಿಗೆ ಬರುವುದು ಕುರುಪತಿಗೆ ಕೇಡಾಯಿತೆಂಬುದು. ತನ್ನ ಹುಟ್ಟಿನ ಗುಟ್ಟನ್ನು ಕೇಳುವ ಗಳಿಗೆಯಲ್ಲಿಯೂ ಅವನು ತನ್ನನ್ನು ಕುರಿತು ಯೋಚಿಸದೆ ನಂಬಿದವನನ್ನು ಕುರಿತು ಯೋಚಿಸುತ್ತಾನೆ. ಸಾಕಿದ ಒಡೆಯನಿಗೆ ಹಗೆಗಳ ತಲೆಗಳನ್ನು ತಂದೊಪ್ಪಿಸುವ ಹುರುಪಿನಲ್ಲಿದ್ದವನಿಗೆ ಆ ಹಗೆಗಳೆ ತಮ್ಮಂದಿರೆಂದು ತಿಳಿಸಿದುದರಿಂದ, ಕೌರವನನ್ನು ಕೊಂದವನು ಕೃಷ್ಣನೆ ಎಂದು ಅವನು ನೇರವಾಗಿ ನುಡಿಯುತ್ತಾನೆ. ಯುದ್ಧ ಇನ್ನೂ ಆರಂಭವಾಗಿಲ್ಲ. ಒಂದು ಬಾಣವೂ ಹೊರಟಿಲ್ಲ. ಆದರೂ ಈ ಮಾತು ಸತ್ಯ. ನಂಬಿಕೆಯ ಬಂಟನ ಕೈ ಇಲ್ಲಿಂದ ಮುಂದೆ ಮೊದಲಿನಂತೆ ಏಳಲಾರದು.

ಹೀಗೆ ಕುಮಾರವ್ಯಾಸನ ಕರ್ಣನಲ್ಲಿ ಹೊಣೆ ಎರಡಾಗುತ್ತದೆ. ಒಂದು ಋಣದ್ದು, ಇನ್ನೊಂದು ರಕ್ತದ್ದು. ಒಂದನ್ನು ನೆನೆದು ಇನ್ನೊಂದನ್ನು ಮರೆತುಬಿಡುವುದು ಸುಲಭವಾದ ದಾರಿಯಾಗಿತ್ತು. ಅವನು ಎರಡನ್ನೂ ಮರೆಯಲೊಲ್ಲನು. ಒಡೆಯನ ಆಪತ್ಕಾಲಕ್ಕೆ ಶರೀರವನ್ನು ಒಪ್ಪಿಸುವೆನು, ಆದರೆ ಐವರನ್ನು ನೋಯಿಸೆನು ಎಂಬ ನಿರ್ಧಾರಕ್ಕೆ ಬರುತ್ತಾನೆ. ಎರಡು ಸಾಲಗಳನ್ನು ಒಂದೇ ಹಣದಿಂದ ತೀರಿಸುವುದು ಸಾಧ್ಯವಿಲ್ಲದಿರುವಾಗ ಸಾಲಗಾರನು ತನ್ನನ್ನೆ ಮಾರಿಕೊಂಡಂತೆ ಇದು. ವ್ಯಾಸಭಾರತದಲ್ಲಿಯೂ ಅರ್ಜುನನೊಬ್ಬನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲೆನೆಂದು ಕರ್ಣನು ಕುಂತಿಗೆ ಮಾತುಕೊಟ್ಟು, ರಣರಂಗದಲ್ಲಿ ಆ ಮಾತಿನಂತೆ ನಡೆದುಕೊಳ್ಳುತ್ತಾನೆ. ಕೈಗೆ ಸಿಕ್ಕ ಭೀಮ ನಕುಲ ಸಹದೇವರನ್ನೂ ಧರ್ಮರಾಜನನ್ನೂ ಅವನು ಜೀವಸಹಿತ ಬಿಟ್ಟನು. ಕೊಟ್ಟ ಮಾತನ್ನು ಯಾರೂ ಕಾಣದ ಯುದ್ಧದ ಗೊಂದಲದ ನಡುವೆಯೂ ನೆನೆದವನು ಅವನು.

೫

ಇಲ್ಲಿ ಒಂದು ಬಲವಾದ ಆಕ್ಷೇಪಕ್ಕೆ ಉತ್ತರ ಹೇಳಬೇಕಾಗುತ್ತದೆ. ಅಧರ್ಮದಲ್ಲಿ ನಡೆಯುವ ಒಡೆಯನಿಗೆ ನಿಷ್ಠೆಯಿಂದ ಇರುವುದು ಮೇಲ್ಪಂಕ್ತಿಯಾದೀತೆ? ದ್ಯೂತಸಭೆಯಲ್ಲಿ ವಿಕರ್ಣನೆಂಬ ಕೌರವನೆ ಎದ್ದುನಿಂತು ನ್ಯಾಯವನ್ನು ಆಡಿದಾಗ ಅವನನ್ನು ಗದರಿಸಿ, ದ್ರೌಪದಿಯ ವಸ್ತ್ರವನ್ನು ಸೆಳೆಯುವಂತೆ ದುಶ್ಶಾಸನನಿಗೆ ಹೇಳಿದವನು ವ್ಯಾಸರ ಕರ್ಣನೆ. ಅಂದು ಅವನು ಒಡೆಯನ ಅನ್ನವನ್ನು ನೆನೆದನು. ಒಡೆಯನ ಹಿತವನ್ನು ನೆನೆಯಲಿಲ್ಲ. ವಿದುರನೂ ಅದೇ ಅರಮನೆಯ ಅನ್ನವನ್ನು ಉಂಡವನು. ಆದರೆ ಅಪ್ರಿಯವಾದ ಹಿತವನ್ನು ಹೇಳುವುದೆ ತನ್ನ ಜೋಳವಾಳಿಯೆಂದು ಬಗೆದನು. ಹೊಣೆಯ ನೆನಹು ಅರ್ಧವಾದರೆ ಅದರಿಂದ ಎಂಥ ಕೇಡು ಬರಬಹುದೆಂಬುದಕ್ಕೆ ಕರ್ಣನ ಪೂರ್ವಚರಿತ್ರೆಯೆ ದೃಷ್ಟಾಂತವಾಗಿದೆ. ಜೋಳವಾಳಿ ವೇಳೆವಾಳಿಗಳ ಚರಿತ್ರೆಯೂ ಇದನ್ನೆ ಸೂಚಿಸುತ್ತದೆ. ಕ್ರಿ.ಶ. ೧೨೨೦ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ದಂಡನಾಯಕ ಕುವರ ಲಕ್ಷ್ಮನು ಪತ್ನಿಯೊಡನೆ ಪ್ರಾಣವನ್ನು ಅರ್ಪಿಸಿದುದನ್ನು ಹಳೇಬೀಡಿನ ಗರುಡಗಂಬವು ಕೀರ್ತಿಸುತ್ತದೆ. ಅಂಥ ನಿಷ್ಠೆಯ ತೀವ್ರತೆಗೆ ಬೆರಗಾಗಬಹುದು. ಆದರೆ ಬದುಕಿ ಮಾಡಬಹುದಾಗಿದ್ದ ಕೆಲಸವೇನೆಂದು ಕೇಳುವ ಹಕ್ಕು ವಿಚಾರಶೀಲನಿಗೆ ಇದ್ದೇ ಇದೆ.

ಈ ಆಕ್ಷೇಪವು ಕರ್ಣನ ಪಕ್ಷಕ್ಕೆ ಸಲ್ಲುತ್ತದೆ. ಅವನ ಆಯ್ಕೆಯ ಸ್ವರೂಪಕ್ಕೆ ಸಲ್ಲುವುದಿಲ್ಲ. ಕೃಷ್ಣನು ಕರೆದುದು ಧರ್ಮದ ಕಡೆಗೆ ಎಂಬುದು ದಿಟವಾದರೂ, ಅವನು ಕರೆದ ರೀತಿ ಧರ್ಮದ್ದಾಗಿರಲಿಲ್ಲ. ದುರ್ಯೋಧನನು ಅನ್ಯಾಯಗಾರನು, ಆದುದರಿಂದ ಅವನನ್ನು ಬಿಡು ಎಂದು ಅವನು ಹೇಳಿದ್ದರೆ ಕರ್ಣನು ಏನೆನ್ನುತ್ತಿದ್ದನೊ! ಆದರೆ ನೀನು ಹಿರಿಯ ಮಗ, ಆದುದರಿಂದ ರಾಜ್ಯ ನಿನ್ನದು ಎಂದು ಹೇಳಿದನು. ಆಗ ಕರ್ಣನು ಪಕ್ಷವನ್ನು ಬಿಟ್ಟಿದ್ದರೆ ಅದು ಧರ್ಮಕ್ಕೆ ಬಂದಂತಾಗುತ್ತಿರಲಿಲ್ಲ, ಸಿಂಹಾಸನಕ್ಕೆ ಬಂದಂತಾಗುತ್ತಿತ್ತು. ಲಾಭದ ದಾರಿಯೂ ನ್ಯಾಯದ ದಾರಿಯೂ ಒಂದಾಗಿ ಕಾಣುವ ಕಡೆಯಲ್ಲಿ ಮನುಷ್ಯನು ತನ್ನನ್ನು ತಾನು ನಂಬಬಾರದೆಂಬ ವಿವೇಕ ಕರ್ಣನಲ್ಲಿತ್ತು.

ಈ ಆಯ್ಕೆಯನ್ನು ಪಂಪನ ಇನ್ನೊಂದು ಕಾವ್ಯದ ಪಕ್ಕದಲ್ಲಿಟ್ಟು ನೋಡಿದರೆ ಅದರ ಅರ್ಥ ಇನ್ನೂ ಸ್ಪಷ್ಟವಾಗುತ್ತದೆ. ವಿಕ್ರಮಾರ್ಜುನವಿಜಯದ ಕಾಲದಲ್ಲಿಯೆ ರಚಿತವಾದ ಆದಿಪುರಾಣದಲ್ಲಿ ಬಾಹುಬಲಿಯು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಮೂರರಲ್ಲಿಯೂ ಅಣ್ಣನಾದ ಭರತನನ್ನು ಗೆಲ್ಲುತ್ತಾನೆ. ಕಡೆಯ ಯುದ್ಧದಲ್ಲಿ ಅಣ್ಣನನ್ನು ತೋಳಿನಿಂದ ಮೇಲಕ್ಕೆ ಎತ್ತಿದ ಕ್ಷಣದಲ್ಲಿ, ಇವನು ಹಿರಿಯನೆಂಬ ನೆನಹು ಅವನಿಗೆ ಬರುತ್ತದೆ. ನೆಲಕ್ಕೆ ಅಪ್ಪಳಿಸದೆ ಮೆಲ್ಲನೆ ಇಳಿಸುತ್ತಾನೆ. ಅನಂತರ ಗೆದ್ದ ರಾಜ್ಯವನ್ನೆ ಬಿಟ್ಟು ತಪಸ್ಸಿಗೆ ಹೋಗುತ್ತಾನೆ. ಇತ್ತ ಭರತನಾದರೊ ವೃಷಭಾಚಲದಲ್ಲಿ ತನ್ನ ಪ್ರಶಸ್ತಿಯನ್ನು ಬರೆಸಹೋಗಿ, ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಅದು ತುಂಬಿಹೋಗಿರುವುದನ್ನು ಕಂಡು ಗರ್ವವನ್ನು ಕಳೆದುಕೊಂಡವನು. ತನ್ನನ್ನು ಲೋಕವು ನೆನೆಯಬೇಕೆಂದು ಬಯಸುವುದು ಒಂದು. ತಾನು ಇತರರಿಗೆ ಏನಾಗಬೇಕೆಂಬುದನ್ನು ನೆನೆಯುವುದು ಇನ್ನೊಂದು. ಮೊದಲನೆಯದಕ್ಕೆ ಬೆಟ್ಟದಲ್ಲಿಯೂ ಎಡೆ ಸಿಕ್ಕಲಿಲ್ಲ. ಎರಡನೆಯದನ್ನು ಮಾಡಿದ ಬಾಹುಬಲಿಗೆ ಸುಮಾರು ನಾಲ್ವತ್ತು ವರ್ಷಗಳ ಮೇಲೆ ಚಾವುಂಡರಾಯನು ಶ್ರವಣಬೆಳ್ಗೊಳದ ಬೆಟ್ಟವನ್ನೆ ಮೂರ್ತಿಯಾಗಿಸಿದನು.

ಬಾಹುಬಲಿಯ ಎದುರಿಗೂ ಕರ್ಣನ ಎದುರಿಗೂ ಬಂದುದು ರಾಜ್ಯವೆ. ಒಬ್ಬನು ಒಡಹುಟ್ಟಿದವನನ್ನು ನೆನೆದು ಬಿಟ್ಟನು. ಇನ್ನೊಬ್ಬನು ಒಡಹುಟ್ಟದವನನ್ನು ನೆನೆದು ಬಿಟ್ಟನು. ಒಬ್ಬನ ನೆನಹು ಅವನನ್ನು ಬಂಧನದಿಂದ ಬಿಡಿಸಿತು. ಇನ್ನೊಬ್ಬನ ನೆನಹು ಅವನನ್ನು ಬಂಧನಕ್ಕೆ ಒಪ್ಪಿಸಿತು. ಬಾಹುಬಲಿಯದು ಪೂರ್ಣವಾದ ನಿವೃತ್ತಿ. ಕರ್ಣನದು ಸಂಸಾರದ ಕೆಸರಿನಲ್ಲಿ ನಿಂತವನ ನಿವೃತ್ತಿ. ಲೋಕದಲ್ಲಿ ಹೆಚ್ಚು ಜನರು ಕರ್ಣನ ಸ್ಥಿತಿಯಲ್ಲಿರುವವರು. ನಿರ್ದೋಷವಾದ ಪಕ್ಷವು ದೊರೆಯದೆ, ಇರುವ ಹೊಣೆಗಳ ನಡುವೆ ತಲೆಯೆತ್ತಿ ನಡೆಯಬೇಕಾದವರು. ಬಾಹುಬಲಿಗೆ ಅವರು ಕೈಮುಗಿಯುವರು, ಕರ್ಣನಿಂದ ಕಲಿಯುವರು.

೬

ಕರ್ಣನು ಮಡಿದು ಅವನ ತೇಜಸ್ಸು ಸೂರ್ಯನಲ್ಲಿ ಬೆರೆತುದನ್ನು ಹೇಳಿದ ಮೇಲೆ ಪಂಪನು ಕೇಳುಗನನ್ನು ಆತ್ಮೀಯವಾಗಿ ಸಂಬೋಧಿಸಿ, ಭಾರತದಲ್ಲಿ ಒಂದೇ ಮನಸ್ಸಿನಿಂದ ಒಬ್ಬನನ್ನು ನೆನೆಯಬೇಕಾದರೆ ಕರ್ಣನನ್ನು ನೆನೆಯಬೇಕೆಂದು ಹೇಳುತ್ತಾನೆ. ಕರ್ಣಶಬ್ದಕ್ಕೆ ಕಿವಿಯೆಂಬ ಅರ್ಥವೂ ಇರುವುದನ್ನು ಬಳಸಿಕೊಂಡು ಶ್ಲೇಷೆಯಿಂದ ಅವನ ಕಥೆಯನ್ನು ಕೊಂಡಾಡುತ್ತಾನೆ. ಭಾರತದ ವೀರರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗುಣವನ್ನು ಹಂಚಿಕೊಡುವಾಗ ಕರ್ಣನ ಪಾಲಿಗೆ ಅವನು ಕೊಟ್ಟುದು ನನ್ನಿಯನ್ನು. ದಾನಶೂರನೆಂದು ಪ್ರಸಿದ್ಧನಾದವನಿಗೆ ತ್ಯಾಗದ ಹೆಸರನ್ನು ಕೊಡದೆ ಸತ್ಯದ ಹೆಸರನ್ನು ಕೊಟ್ಟುದು ವಿಶೇಷವಾದುದು. ಕವಚವನ್ನು ಕೊಯ್ದುಕೊಟ್ಟುದಕ್ಕಿಂತ ಮಾತಿಗೆ ಕಟ್ಟುಬಿದ್ದುದು ದೊಡ್ಡದೆಂದು ಕವಿಯು ಎಣಿಸಿದಂತೆ ತೋರುತ್ತದೆ.

ಈ ಪ್ರಶಂಸೆಯಲ್ಲಿ ಒಂದು ತೊಡಕು ಇದೆ. ಪಂಪನು ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ಕಲ್ಪಿಸಿರುವನು. ಹಾಗಿರುವಾಗ ಕರ್ಣನು ಒಡೆಯನ ಹಗೆಯೆ ಆದಂತಾಯಿತು. ಹಗೆಯ ಕುಲ ಪರಾಕ್ರಮಾದಿಗಳನ್ನು ವರ್ಣಿಸಿ ಅನಂತರ ಅವನನ್ನು ಗೆದ್ದುದನ್ನು ಹೇಳಿದರೆ ನಾಯಕನ ಉತ್ಕರ್ಷವಾಗುತ್ತದೆಂದು ದಂಡಿಯು ಕಾವ್ಯಾದರ್ಶದಲ್ಲಿ ಹೇಳಿರುವುದರಿಂದ, ಆಲಂಕಾರಿಕರ ಮಾರ್ಗದಲ್ಲಿ ಇದಕ್ಕೆ ಸಮಾಧಾನವುಂಟು. ಆದರೆ ಆ ಸೂತ್ರವು ಕರ್ಣನ ಪರಾಕ್ರಮವರ್ಣನೆಗೆ ಸಾಕೆ ಹೊರತು, ಉಳಿದವರನ್ನು ಬಿಟ್ಟು ಅವನನ್ನು ನೆನೆಯಿರಿ ಎಂಬ ಮಾತಿಗೆ ಸಾಲದು. ಇಲ್ಲಿ ಪಂಪನು ಆಸ್ಥಾನಕವಿಯ ಕಟ್ಟನ್ನು ಮೀರಿದ್ದಾನೆ. ಅರಿಕೇಸರಿಯ ಜೋಳವನ್ನು ಉಂಡವನಾದುದರಿಂದಲೆ, ಇನ್ನೊಬ್ಬ ಅರಸನ ಜೋಳವನ್ನು ಉಂಡವನ ಸಂಕಟವನ್ನು ಅವನು ಒಳಹೊಕ್ಕು ಕಂಡನು. ಒಡೆಯನಿಗೆ ಸಲ್ಲಬೇಕಾದುದನ್ನು ಕಾವ್ಯದ ಕಥೆಯಿಂದ ಸಲ್ಲಿಸಿ, ಸತ್ಯಕ್ಕೆ ಸಲ್ಲಬೇಕಾದುದನ್ನು ಆ ಒಂದು ಪದ್ಯದಿಂದ ಸಲ್ಲಿಸಿದನು. ತಾನು ಆಶ್ರಿತನೆಂಬುದನ್ನೂ ಕವಿಯೆಂಬುದನ್ನೂ, ಎರಡನ್ನೂ, ಮರೆಯದವನು ಮಾತ್ರ ಹೀಗೆ ಬರೆಯಬಲ್ಲನು. ಕರ್ಣನು ಎರಡು ಹೊಣೆಗಳ ನಡುವೆ ನಡೆದ ದಾರಿಯಲ್ಲಿಯೆ ಅವನನ್ನು ಹಾಡಿದ ಕವಿಯೂ ನಡೆದಿದ್ದಾನೆ.

ಪಾಠಶಾಲೆಗಳಲ್ಲಿ ಈ ಭಾಗಗಳನ್ನು ಬೋಧಿಸುವಾಗ ಕರ್ಣನಿಗಾಗಿ ಕಣ್ಣೀರು ಬರಿಸುವುದು ಕಷ್ಟವಲ್ಲ. ಆದರೆ ಮರುಕದಲ್ಲಿಯೆ ಪಾಠ ಮುಗಿದುಹೋದರೆ ವಿದ್ಯಾರ್ಥಿಯು ವಿಧಿಯನ್ನು ದೂರುವುದನ್ನು ಕಲಿಯುತ್ತಾನೆಯೆ ಹೊರತು ತನ್ನ ಹೊಣೆಯನ್ನು ನೆನೆಯುವುದನ್ನು ಕಲಿಯುವುದಿಲ್ಲ. ದ್ಯೂತಸಭೆಯ ಕರ್ಣನನ್ನೂ ಮುಚ್ಚಿಡದೆ ತೋರಿಸಬೇಕು. ಆ ತಪ್ಪನ್ನು ಅವನೇ ನೆನೆದು ನೊಂದುದನ್ನೂ ತೋರಿಸಬೇಕು. ಅನಂತರ ಮುತ್ತಿನ ನೆನಪಿನಿಂದ ರಾಜ್ಯವನ್ನು ತಳ್ಳಿದ ಗಳಿಗೆಗೆ ಬರಬೇಕು. ಆಗ ಅವನು ದೇವತೆಯೂ ಅಲ್ಲದೆ ಬಲಿಪಶುವೂ ಅಲ್ಲದೆ, ತಪ್ಪು ಮಾಡಿಯೂ ನೇರವಾಗಿ ನಿಲ್ಲಬಲ್ಲ ಮನುಷ್ಯನಾಗಿ ಕಾಣುವನು.

ಬ್ರಾಹ್ಮಣನೆಂದು ಸುಳ್ಳುಹೇಳಿ ಅಸ್ತ್ರವನ್ನು ಪಡೆದ ಕರ್ಣನಿಗೆ, ಬೇಕಾದ ವೇಳೆಯಲ್ಲಿ ಆ ಅಸ್ತ್ರವು ಮರೆತುಹೋಗಲೆಂದು ಪರಶುರಾಮನು ಶಾಪಕೊಟ್ಟನು. ತಾನಲ್ಲದವನಾಗಿ ಪಡೆದುದು ತನ್ನ ನೆನಪಿನಲ್ಲಿ ನಿಲ್ಲದೆಂಬ ನ್ಯಾಯ ಆ ಶಾಪದಲ್ಲಿದೆ. ರಥದ ಚಕ್ರ ನೆಲದಲ್ಲಿ ಹೂತ ದಿನ ಶಾಪವು ಫಲಿಸಿತು. ಅಸ್ತ್ರವು ಮನಸ್ಸಿಗೆ ಬರಲಿಲ್ಲ. ಆದರೆ ರಾಧೆಯ ಹಾಲೂ ಒಡೆಯನ ನಂಬಿಕೆಯೂ ಕುಂತಿಗೆ ಕೊಟ್ಟ ಮಾತೂ ಆ ಶಾಪದ ಅಳವಿಗೆ ಸಿಕ್ಕಲಿಲ್ಲ. ಅವನ್ನು ಅವನು ಕಡೆಯ ಉಸಿರಿನವರೆಗೂ ಮರೆಯಲಿಲ್ಲ. ಪಂಪನು ಲೋಕಕ್ಕೆ ನೆನೆಯಹೇಳಿದುದು ಮರೆಯದ ಈ ಕರ್ಣನನ್ನೆ.